ಕಬಡ್ಡಿಯಲ್ಲಿ ತಲೆಗೆ ಪೆಟ್ಟು: ಸ್ಕ್ಯಾನ್ ನಾರ್ಮಲ್ ಅಂತೆ, ಭಾನುವಾರ ಆಡಬಹುದಾ?

ಬದಿಯಡ್ಕದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಪ್ಲಸ್ ಒನ್ (ಹನ್ನೊಂದನೇ ಕ್ಲಾಸ್). ಕಳೆದ ಶನಿವಾರ ರಾತ್ರಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದಲ್ಲಿ ರೈಡರ್‌ನ ಕಾಲು ಹಿಡಿಯಲು ಡೈವ್ ಹೊಡೆದ. ಆಗ ಆ ಹುಡುಗನ ಮೊಣಕಾಲು ಇವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬೋಧ ತಪ್ಪಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಆಡಿದ. ಸ್ವಲ್ಪ ಹೊತ್ತಿನಲ್ಲಿ "ನಾನು ಯಾವ ಕಡೆ ನಿಲ್ಲಬೇಕು" ಅಂತ ಪಕ್ಕದವನ ಹತ್ತಿರ ಕೇಳಿದನಂತೆ. ಮನೆಗೆ ಬಂದು ವಾಂತಿ ಮಾಡಿದ. ರಾತ್ರಿಯೇ ಮಂಗಳೂರಿಗೆ ಕರೆದುಕೊಂಡು ಹೋದೆವು. ಸಿಟಿ ಸ್ಕ್ಯಾನ್ ಮಾಡಿ ನಾರ್ಮಲ್ ಅಂದರು, ಬೆಳಿಗ್ಗೆ ಬಿಟ್ಟರು.

ಈಗ ತಲೆನೋವು ಉಂಟು. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ತಂಗಿ ಒಂದು ಮಾತಾಡಿದರೂ ರೇಗುತ್ತಾನೆ, ಅವನ ಸ್ವಭಾವ ಹಾಗಲ್ಲ. ತಂಡದ ಹುಡುಗರು ಮನೆಗೆ ಬಂದು "ಸ್ಕ್ಯಾನ್ ನಾರ್ಮಲ್ ಅಲ್ವಾ ಅಕ್ಕ, ಭಾನುವಾರ ಸೆಮಿಫೈನಲ್ ಉಂಟು, ಒಂದು ಮ್ಯಾಚ್ ಆಡಲು ಬಿಡಿ" ಅನ್ನುತ್ತಾರೆ. ಅವನ ಅಪ್ಪ ಗಲ್ಫಿನಲ್ಲಿದ್ದಾರೆ. ಫೋನಿನಲ್ಲಿ "ಸುಮ್ನೆ ಹೆದರಿಸಬೇಡ ಅವನನ್ನು" ಅಂತಾರೆ. ನಾನೇ ಜಾಸ್ತಿ ಮಾಡುತ್ತಿದ್ದೇನಾ? ಗೊತ್ತಿದ್ದವರು ಹೇಳಿ.

ಲೆಫ್ಟ್ ಕಾರ್ನರ್

ಅಕ್ಕ, ಕಬಡ್ಡಿ ಅಂದ ಮೇಲೆ ಇದೆಲ್ಲ ಇದ್ದದ್ದೇ. ನಮಗೆಲ್ಲ ಎಷ್ಟೋ ಸಲ ನಕ್ಷತ್ರ ಕಂಡಿದೆ. ತಲೆಗೆ ತಣ್ಣೀರು, ಒಂದು ಲಿಂಬೆ ಸೋಡಾ, ಮತ್ತೆ ಅಂಕಣಕ್ಕೆ. ಸ್ಕ್ಯಾನ್ ಸರಿ ಇದ್ದರೆ ನಾಲ್ಕು ದಿನ ರೆಸ್ಟ್ ಸಾಕು.

ಎಮರ್ಜೆನ್ಸಿ ಸಿಸ್ಟರ್

ಬದಿಯಡ್ಕದ ಅಕ್ಕ, ನೀವು ಜಾಸ್ತಿ ಮಾಡುತ್ತಿಲ್ಲ. ಭಾನುವಾರ ಆಡುವುದು ಬೇಡ. ಈ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಾನು ಮಂಜೇಶ್ವರದವಳು, ಮಂಗಳೂರಿನಲ್ಲಿ ತುರ್ತು ವಿಭಾಗದಲ್ಲಿ ಕೆಲಸ. ಪಂದ್ಯಾಟದ ಸೀಸನ್‌ನಲ್ಲಿ ಕಾಸರಗೋಡಿನಿಂದ ಗಡಿ ದಾಟಿ ಬರುವ ಹುಡುಗರನ್ನು ನೋಡುತ್ತಲೇ ಇರುತ್ತೇನೆ. ಸಿಟಿ ಸ್ಕ್ಯಾನ್ ಮಾಡುವುದು ಮುಖ್ಯವಾಗಿ ಎರಡು ವಿಷಯ ತಿಳಿಯಲು: ತಲೆಬುರುಡೆ ಬಿರುಕು ಬಿಟ್ಟಿದೆಯಾ, ಒಳಗೆ ರಕ್ತ ಸೋರಿದೆಯಾ. ನಿಮ್ಮ ಮಗನಿಗೆ ಆದದ್ದು ಕನ್‌ಕಶನ್ ಅಂತ ಕಾಣುತ್ತದೆ, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಸ್ವಲ್ಪ ಕಾಲ ಕೆಡುವುದು. ಅದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಸಾಮಾನ್ಯ ಎಂಆರ್‌ಐ ಮಾಡಿದರೂ ಹೆಚ್ಚಾಗಿ ನಾರ್ಮಲ್ಲೇ ಬರುತ್ತದೆ. ನಾರ್ಮಲ್ ಅಂದರೆ ಆಪರೇಷನ್ ಬೇಕಾದ ತೊಂದರೆ ಇಲ್ಲ ಅಂತ. ಮಿದುಳು ಸುಧಾರಿಸಿಕೊಂಡಿದೆ ಅಂತ ಅಲ್ಲ.

ಎಲ್ಲಿ ನಿಲ್ಲಬೇಕು ಅಂತ ಅವನು ಕೇಳಿದ್ದು, ಬೆಳಕು ಆಗದಿರುವುದು, ರೇಗುವುದು, ಇವೆಲ್ಲ ಅದರದ್ದೇ ಲಕ್ಷಣ. ಬೋಧ ತಪ್ಪಲಿಲ್ಲ ಅನ್ನುವುದರಲ್ಲಿ ಸಮಾಧಾನ ಪಡುವುದಕ್ಕೆ ಏನೂ ಇಲ್ಲ. ಕನ್‌ಕಶನ್ ಆದವರಲ್ಲಿ ಹತ್ತರಲ್ಲಿ ಒಬ್ಬರಿಗೂ ಬೋಧ ತಪ್ಪುವುದಿಲ್ಲ.

ತಲೆನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಮತ್ತೆ ಮತ್ತೆ ವಾಂತಿ ಬಂದರೆ, ಫಿಟ್ಸ್ ಬಂದರೆ, ಕೈಕಾಲು ಜೋಮು ಹಿಡಿದರೆ ಅಥವಾ ಸೋತರೆ, ಒಂದು ಎರಡಾಗಿ ಕಂಡರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಕಾಯಬೇಡಿ. ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ಇದು ಈ ವಾರಕ್ಕೂ ಅನ್ವಯ.

ಬದಿಯಡ್ಕದ ಅಮ್ಮ

ಸಿಸ್ಟರ್, ತುಂಬ ಉಪಕಾರ. ವಾಂತಿ ಮತ್ತೆ ಬಂದಿಲ್ಲ. ತಲೆನೋವು ಮೊದಲಿಗಿಂತ ಸ್ವಲ್ಪ ಕಡಿಮೆ. ನಿದ್ದೆ ಮಾಡಲು ಬಿಡಬಾರದು ಅಂತ ಅತ್ತೆ ಹೇಳಿದರು. ಮೊದಲ ರಾತ್ರಿ ಗಂಟೆಗೊಂದು ಸಲ ಎಬ್ಬಿಸಿದೆವು, ಪಾಪ.

ಎಮರ್ಜೆನ್ಸಿ ಸಿಸ್ಟರ್

ನಮ್ಮಲ್ಲಿ ಎಲ್ಲ ಮನೆಯಲ್ಲೂ ಹಾಗೇ ಹೇಳುತ್ತಾರೆ. ಡಾಕ್ಟರ್ ನೋಡಿ, ಅಪಾಯದ ಲಕ್ಷಣ ಇಲ್ಲ ಅಂತ ಆದ ಮೇಲೆ ನಿದ್ದೆ ಮಾಡಲು ಬಿಡಿ, ನಿದ್ದೆ ಬೇಕೇ ಬೇಕು. ಆದರೆ ಮೊದಲ ರಾತ್ರಿ ಒಬ್ಬನೇ ಮಲಗಬಾರದು, ಯಾರಾದರೂ ಜೊತೆಗಿರಬೇಕು. ನೋವಿಗೆ ಪ್ಯಾರಸಿಟಮಾಲ್ ಸಾಕು. ಮೊದಲ ಎರಡು ದಿನ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಬೇಡ, ರಕ್ತ ಸೋರುವ ಅಪಾಯ ಹೆಚ್ಚಬಹುದು. ಗ್ರೌಂಡ್ ಪಕ್ಕದಲ್ಲೇ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಮತ್ತೆ ಇಳಿಯುವವರು ಇದ್ದಾರಲ್ಲ, ಅವರೂ ಓದಲಿ. ಮೊಬೈಲ್ ಕೂಡ ಮೊದಲ 48 ಗಂಟೆ ಆದಷ್ಟು ಕಡಿಮೆ.

ಅಡ್ಕದ ಸ್ಪಿನ್ನರ್

ನಾನು ಕುಂಬಳೆಯವನು, ಹಾಗಾಗಿ ಇದನ್ನು ಹೇಳದೆ ಇರಲು ಆಗುವುದಿಲ್ಲ. 2002ರಲ್ಲಿ ಆಂಟಿಗಾದಲ್ಲಿ ಅನಿಲ್ ಕುಂಬ್ಳೆ ದವಡೆ ಮುರಿದುಕೊಂಡು, ತಲೆ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಬಂದು ಸತತ 14 ಓವರ್ ಬೌಲಿಂಗ್ ಮಾಡಿದರು. ಲಾರಾ ವಿಕೆಟ್ ತೆಗೆದರು. ನಮ್ಮ ಊರಿನ ಹೆಸರು ಹೊತ್ತವರು! ಈಗಿನ ಹುಡುಗರಿಗೆ ಆ ಗಟ್ಟಿತನ ಬೇಡವಾ? ಸಣ್ಣ ಪೆಟ್ಟಿಗೆಲ್ಲ ಮನೆಯಲ್ಲಿ ಕೂತರೆ ಆಟಗಾರ ಆಗುವುದು ಯಾವಾಗ?

ಪಿಟಿ ಮಾಷ್ಟ್ರು

ಸ್ಪಿನ್ನರ್ ಅವರೇ, ಆ ಫೋಟೋ ನನ್ನ ಕ್ಲಾಸ್ ರೂಮಿನಲ್ಲೂ ಇತ್ತು. ಆದರೆ ಅದು ಮೂಳೆ. ಬ್ಯಾಂಡೇಜ್ ತಲೆಯ ಸುತ್ತ ಇದ್ದದ್ದು ದವಡೆ ಅಲುಗದ ಹಾಗೆ ಕಟ್ಟಲು. ಮುರಿದ ದವಡೆ ಎಷ್ಟು ನೋಯುತ್ತದೆ ಅಂತ ಕುಂಬ್ಳೆಗೆ ಗೊತ್ತಿತ್ತು. ಆಡಬೇಕೋ ಬೇಡವೋ ಅಂತ ತೀರ್ಮಾನ ಮಾಡಿದ್ದು ಸರಿಯಾಗಿದ್ದ ಮಿದುಳು. ಆಟ ಮುಗಿಸಿ ಬೆಂಗಳೂರಿಗೆ ಬಂದು ಆಪರೇಷನ್ ಮಾಡಿಸಿಕೊಂಡರು.

ಕನ್‌ಕಶನ್‌ನಲ್ಲಿ ಪೆಟ್ಟು ಬಿದ್ದಿರುವುದು ತೀರ್ಮಾನ ಮಾಡುವ ಜಾಗಕ್ಕೇ. "ನಾನು ಸರಿ ಇದ್ದೇನೆ ಸರ್" ಅಂತ ಅವನು ಹೇಳುವುದು ಅದೇ ಮಿದುಳಿನಿಂದ. ಅವನ ಮಾತನ್ನು ಹೇಗೆ ನಂಬುವುದು? ಗಟ್ಟಿತನದ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

2014ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೆನಪಿದೆಯಾ? ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್‌ಗೆ ಅರ್ಜೆಂಟೀನಾದವನ ಭುಜ ಮುಖಕ್ಕೆ ಬಡಿಯಿತು. ಆಮೇಲೂ ಸುಮಾರು ಹೊತ್ತು ಓಡಾಡಿಕೊಂಡು ಆಡಿದ. ಕೊನೆಗೆ ರೆಫ್ರಿ ಹತ್ತಿರ ಹೋಗಿ "ಇದು ಫೈನಲ್ಲಾ?" ಅಂತ ಕೇಳಿದ. ರೆಫ್ರಿಗೆ ಗಾಬರಿ. ಆಮೇಲೆ ಹೊರಗೆ ಕರೆದರು. ಜಗತ್ತೇ ನೋಡುತ್ತಿದ್ದ ಮ್ಯಾಚ್, ತಂಡದ ಡಾಕ್ಟರ್ ಬದಿಯಲ್ಲೇ ಇದ್ದರು. ಅಲ್ಲೇ ಹಾಗಾದರೆ ನಮ್ಮ ಗದ್ದೆಯಲ್ಲಿ ಯಾರು ನೋಡುತ್ತಾರೆ?

ಅಡ್ಕದ ಸ್ಪಿನ್ನರ್

ಮಾಷ್ಟ್ರೇ, ನೀವು ಹೇಳಿದ್ದರಲ್ಲಿ ಅರ್ಥ ಉಂಟು. ಕ್ರಿಕೆಟ್‌ನದ್ದೇ ಒಂದು ಉದಾಹರಣೆ ನಾನೂ ಕೊಡುತ್ತೇನೆ, ನನ್ನ ವಾದಕ್ಕೇ ವಿರುದ್ಧ! 2019ರ ಆಗಸ್ಟ್, ಲಾರ್ಡ್ಸ್. ಇಂಗ್ಲೆಂಡ್‌ನ ಜೋಫ್ರಾ ಆರ್ಚರ್ ಚೆಂಡು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಆಗ ಅವನ ರನ್ 80. ಒಳಗೆ ಹೋದ, ಪರೀಕ್ಷೆ ಮಾಡಿದರು, ಪಾಸಾದ, ಮತ್ತೆ ಬಂದು 92ಕ್ಕೆ ಔಟಾದ. ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಪರು. ಕನ್‌ಕಶನ್ ಆದವನ ಬದಲು ಇನ್ನೊಬ್ಬ ಆಡಬಹುದು ಅನ್ನುವ ನಿಯಮವನ್ನು ಐಸಿಸಿಯವರು ತಂದದ್ದು ಆ ತಿಂಗಳ 1ಕ್ಕೇ. ಲಬುಶೇನ್ ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್‌ಕಶನ್ ಬದಲಿ ಆಟಗಾರನಾಗಿ ಇಳಿದು 59 ಹೊಡೆದ. ಅವನ ಕೆರಿಯರ್ ಶುರುವಾದದ್ದೇ ಅಲ್ಲಿಂದ ಅನ್ನಬಹುದು.

ನ್ಯೂರೋ ಪಿಜಿ

ಪೆರ್ಲದವನು, ಈಗ ಹೊರಗೆ ನ್ಯೂರೋಸರ್ಜರಿ ಕಲಿಯುತ್ತಿದ್ದೇನೆ. ಸ್ಮಿತ್ ಉದಾಹರಣೆ ಒಳ್ಳೆಯದು. ಲಕ್ಷಣ ಕಾಣಿಸಿಕೊಳ್ಳಲು ಗಂಟೆಗಳು, ಕೆಲವೊಮ್ಮೆ ಒಂದು ದಿನವೇ ಬೇಕಾಗುತ್ತದೆ. ಅದಕ್ಕೇ ಅನುಮಾನ ಬಂದ ದಿನ ಮತ್ತೆ ಆಡಿಸಬಾರದು ಅಂತ ನಿಯಮ ಇರುವುದು. ಹತ್ತು ನಿಮಿಷ ಕೂರಿಸಿ, ಸರಿ ಕಂಡರೆ ಇಳಿಸುವುದಲ್ಲ.

ಒಳಗೆ ಆಗುವುದು ಏನು ಅಂತ ಸ್ವಲ್ಪ ಹೇಳುತ್ತೇನೆ. ಮಿದುಳು ತಲೆಬುರುಡೆಯ ಒಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿದೆ. ತಲೆ ಒಮ್ಮೆಲೇ ತಿರುಗಿದರೆ ಅಥವಾ ನಿಂತುಬಿಟ್ಟರೆ ಮಿದುಳಿನ ಎಳೆಗಳು ಜಗ್ಗುತ್ತವೆ. ನೇರ ತಲೆಗೇ ಬಡಿಯಬೇಕು ಅಂತಿಲ್ಲ. ಎದೆಗೆ ಜೋರಾಗಿ ಡ್ಯಾಶ್ ಬಿದ್ದು ಕುತ್ತಿಗೆ ಒಂದು ಸಲ ಹಿಂದೆ ಮುಂದೆ ಹೋದರೂ ಸಾಕು. ಆಗ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಮತ್ತೆ ಸರಿ ಮಾಡಲು ಕೋಶಗಳಿಗೆ ಜಾಸ್ತಿ ಗ್ಲೂಕೋಸ್ ಬೇಕು. ಆದರೆ ಅದೇ ಹೊತ್ತಿಗೆ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿರುತ್ತದೆ. ಖರ್ಚು ಜಾಸ್ತಿ, ಆದಾಯ ಕಡಿಮೆ. ಇದು ಸರಿಯಾಗಲು ದಿನಗಳು, ಕೆಲವರಲ್ಲಿ ವಾರಗಳು ಹಿಡಿಯುತ್ತವೆ. ಸ್ಕ್ಯಾನ್ ತೋರಿಸುವುದು ಆಕಾರವನ್ನು. ಕೆಟ್ಟಿರುವುದು ಕೆಲಸ.

ಇಂಥ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿದ್ದರೆ? ಹೆಚ್ಚಿನವರಿಗೆ ಗುಣವಾಗುವುದು ತಡವಾಗುತ್ತದೆ, ಅಷ್ಟೆ. ಆದರೆ ಅಪರೂಪಕ್ಕೆ, ಅದರಲ್ಲೂ ಎಳೆಯರಲ್ಲಿ, ಮಿದುಳು ಒಮ್ಮೆಲೇ ಊದಿಕೊಳ್ಳುತ್ತದೆ. ಉತ್ತರ ಐರ್ಲೆಂಡ್‌ನಲ್ಲಿ 2011ರಲ್ಲಿ ಬೆನ್ ರಾಬಿನ್ಸನ್ ಎಂಬ 14ರ ಹುಡುಗ ಶಾಲೆಯ ರಗ್ಬಿ ಆಟದಲ್ಲಿ ಪೆಟ್ಟು ತಿಂದೂ ಆಟ ಮುಂದುವರಿಸಿ ತೀರಿಕೊಂಡ. ಇಂಥ ಎರಡನೇ ಪೆಟ್ಟೇ ಕಾರಣ ಅಂತ ಅಲ್ಲಿನ ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಕ್ಕನನ್ನು ಹೆದರಿಸಲು ಇದನ್ನು ಬರೆದದ್ದಲ್ಲ. "ಒಂದು ಮ್ಯಾಚ್ ಆಡಲು ಬಿಡಿ" ಅನ್ನುವ ಹುಡುಗರಿಗೆ ಬರೆದದ್ದು.

ಮುಳ್ಳೇರಿಯ ಭಾವ

ಡಾಕ್ಟ್ರೇ, "ಖರ್ಚು ಜಾಸ್ತಿ ಆದಾಯ ಕಡಿಮೆ" ಅಂದರೆ ನಮ್ಮ ಅಡಿಕೆ ತೋಟದ ಲೆಕ್ಕ ಆಯಿತಲ್ಲ. ಈಗ ಅರ್ಥ ಆಯಿತು.

ಹೊನಲುಬೆಳಕು ಉಪ್ಪಳ

ನಾನು ಪಂದ್ಯಾಟ ನಡೆಸುವವನು. ಎಲ್ಲರೂ ಸಂಘಟಕರಿಗೇ ಬೈಯುವ ಮೊದಲು ಸ್ವಲ್ಪ ನಮ್ಮ ಕಷ್ಟವೂ ಕೇಳಿ. 24 ತಂಡ ಬರುತ್ತದೆ. ರಾತ್ರಿ ಎಂಟಕ್ಕೆ ಶುರು ಅಂದದ್ದು ಉದ್ಘಾಟನೆಯ ಭಾಷಣ ಎಲ್ಲ ಮುಗಿದು ಹತ್ತೂವರೆಗೆ ಶುರು. ಫೈನಲ್ ಮುಗಿಯುವಾಗ ಬೆಳಗಿನ ಜಾವ. ಲೈಟು, ಮ್ಯಾಟ್, ಮೈಕು, ಪೊಲೀಸ್ ಪರ್ಮಿಷನ್, ಊಟ. ಇದರ ಮಧ್ಯೆ ಯಾರ ತಲೆಗೆ ಏನಾಯಿತು ಅಂತ ನೋಡಲು ಜನ ಎಲ್ಲಿಂದ ತರುವುದು? ಆಂಬುಲೆನ್ಸ್ ರಾತ್ರಿಯಿಡೀ ನಿಲ್ಲಿಸಿದರೆ ಬಾಡಿಗೆ ಯಾರು ಕೊಡುತ್ತಾರೆ?

ಇನ್ನೊಂದು ವಿಷಯ. ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಬೇರೆಯವನನ್ನು ಇಳಿಸಬಹುದು ಅಂತ ನಿಯಮ ಮಾಡಿದರೆ ಏನಾಗುತ್ತದೆ ಗೊತ್ತಾ? ಸುಸ್ತಾದವರಿಗೆಲ್ಲ ತಲೆಗೆ ಪೆಟ್ಟು ಬೀಳುತ್ತದೆ. ಇಂಡಿಯಾ ತಂಡದವರೇ ಹಾಗೆ ಮಾಡಲಿಲ್ವಾ? 2020ರಲ್ಲಿ ಕ್ಯಾನ್ಬೆರಾದಲ್ಲಿ ಜಡೇಜಾ ಬದಲಿಗೆ ಚಾಹಲ್, ಮೂರು ವಿಕೆಟ್. 2025ರಲ್ಲಿ ಪುಣೆಯಲ್ಲಿ ಶಿವಂ ದುಬೆ ಬದಲಿಗೆ ಹರ್ಷಿತ್ ರಾಣಾ, ಅದೂ ಮೂರು ವಿಕೆಟ್. ಬ್ಯಾಟಿಂಗ್ ಆಲ್‌ರೌಂಡರ್ ಬದಲಿಗೆ ವೇಗದ ಬೌಲರ್! ಇಂಗ್ಲೆಂಡ್‌ನವರು ಎಷ್ಟು ಕೂಗಾಡಿದರು.

ಅಡ್ಕದ ಸ್ಪಿನ್ನರ್

ಜಡೇಜಾಗೆ ಸ್ಟಾರ್ಕ್ ಚೆಂಡು ಹೆಲ್ಮೆಟ್‌ಗೆ ಬಡಿದದ್ದು ನಿಜ ಸ್ವಾಮಿ. ಗೆದ್ದ ಕಾರಣಕ್ಕೆ ಮೋಸ ಅಂದರೆ ಹೇಗೆ? ದುಬೆ ವಿಷಯದಲ್ಲಿ ಮಾತ್ರ ನಾನೂ ನಿಮ್ಮ ಪಕ್ಷ.

ಪಿಟಿ ಮಾಷ್ಟ್ರು

ಉಪ್ಪಳದವರೇ, ಕಬಡ್ಡಿಗೆ ಈ ಚಿಂತೆ ಬೇಕಾಗಿಯೇ ಇಲ್ಲ. ಕ್ರಿಕೆಟ್‌ನಲ್ಲಿ ಬದಲಿ ಬಂದವನಿಗೆ ಬ್ಯಾಟಿಂಗ್ ಬೌಲಿಂಗ್ ಇರಲಿಲ್ಲ, ಅದಕ್ಕೆ ಹೊಸ ನಿಯಮ ಬೇಕಾಯಿತು. ಕಬಡ್ಡಿಯಲ್ಲಿ ತಂಡಕ್ಕೆ 12 ಜನ, ಅಂಕಣದಲ್ಲಿ 7, ಹೊರಗೆ 5 ಬದಲಿ. ನಿಯಮ ಮೊದಲೇ ಇದೆ. ನಮ್ಮ ತೊಂದರೆ ಬೇರೆ. ಊರಿನ ತಂಡಗಳು ಎಂಟು ಜನ ಬರುತ್ತವೆ, ಅದರಲ್ಲಿ ಒಬ್ಬ ಜೀಪ್ ಡ್ರೈವರ್. ಒಬ್ಬ ಹೊರಗೆ ಹೋದರೆ ತಂಡವೇ ಇಲ್ಲ. ಅದಕ್ಕೆ ಎಲ್ಲರೂ ಸೇರಿ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಕನಿಷ್ಠ ಹತ್ತು ಜನ ಆಟಗಾರರು ಇಲ್ಲದಿದ್ದರೆ ಪ್ರವೇಶವಿಲ್ಲ ಅಂತ ನೀವು ಕರಪತ್ರದಲ್ಲಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಫುಟ್‌ಬಾಲ್‌ನಲ್ಲೂ ಮೋಸದ ಹೆದರಿಕೆ ಇತ್ತು. 2024ರಿಂದ ಕನ್‌ಕಶನ್‌ಗೆ ಹೆಚ್ಚುವರಿ ಬದಲಿ ಕೊಡಬಹುದು ಅಂತ ನಿಯಮದಲ್ಲಿ ಸೇರಿಸಿದಾಗ, ಎದುರು ತಂಡಕ್ಕೂ ಒಂದು ಹೆಚ್ಚುವರಿ ಬದಲಿ ಅಂದರು. ಲಾಭ ಇಬ್ಬರಿಗೂ ಸಮ ಆದರೆ ನಾಟಕ ಯಾರು ಮಾಡುತ್ತಾರೆ?

ನನ್ನ ಅನುಭವದಲ್ಲಿ ದೊಡ್ಡ ಪ್ರಶ್ನೆ ಒಂದೇ. "ಸಾಕು, ಹೊರಗೆ ಬಾ" ಅಂತ ಹೇಳುವ ಅಧಿಕಾರ ಯಾರಿಗೆ? ಹುಡುಗ ಹೇಳುವುದಿಲ್ಲ. ಕ್ಯಾಪ್ಟನ್‌ಗೆ ಕಪ್ ಬೇಕು. ರೆಫ್ರಿ ಪಾಯಿಂಟ್ ನೋಡುತ್ತಾನೆ. ಮೈಕಿನಲ್ಲಿ ಉದ್ಘೋಷಕರು "ಪೆಟ್ಟಾದರೂ ಎದ್ದು ನಿಂತ ವೀರ, ಚಪ್ಪಾಳೆ ಬರಲಿ" ಅನ್ನುತ್ತಾರೆ. ಸಾವಿರ ಜನ ಚಪ್ಪಾಳೆ ಹೊಡೆದ ಮೇಲೆ ಹದಿನಾರರ ಹುಡುಗ ಹೊರಗೆ ಹೋಗುತ್ತಾನಾ?

ಲೆಫ್ಟ್ ಕಾರ್ನರ್

ಮಾಷ್ಟ್ರು ಹೇಳಿದ ಉದ್ಘೋಷಕರ ವಿಷಯ ನೂರಕ್ಕೆ ನೂರು ಸತ್ಯ. ನಾನು ಮೊದಲು ಬರೆದದ್ದಕ್ಕೆ ಸಿಸ್ಟರ್ ಸಿಟ್ಟಾದ ಹಾಗೆ ಕಾಣುತ್ತದೆ! ಒಂದು ಸಂಶಯ. ಅಂಕಣದಲ್ಲಿ ನಾವೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಹೆಸರು ಕೇಳಿದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ.

ಎಮರ್ಜೆನ್ಸಿ ಸಿಸ್ಟರ್

ಸಿಟ್ಟಿಲ್ಲ ಮಾರಾಯ. ಹೆಸರು, ಊರು ಕೇಳಿ ಪ್ರಯೋಜನ ಇಲ್ಲ, ಹಳೆಯ ನೆನಪು ಹೋಗುವುದಿಲ್ಲ. ಈಗ ತಾನೇ ನಡೆದದ್ದನ್ನು ಕೇಳಬೇಕು. ಆಸ್ಟ್ರೇಲಿಯಾದ ಮ್ಯಾಡಕ್ಸ್ ಎಂಬವರ ಹೆಸರಿನ ಪ್ರಶ್ನೆಗಳು ಇವೆ, ಅದನ್ನು ಕಬಡ್ಡಿಗೆ ಹೊಂದಿಸಿದರೆ ಹೀಗೆ: ಇವತ್ತು ಯಾವ ಮೈದಾನದಲ್ಲಿದ್ದೇವೆ? ಇದು ಮೊದಲಾರ್ಧವಾ ಎರಡನೆಯದಾ? ಕೊನೆಯ ಪಾಯಿಂಟ್ ಯಾರು ತಂದದ್ದು? ಕಳೆದ ಪಂದ್ಯ ಯಾರ ಜೊತೆ? ಗೆದ್ದೆವಾ ಸೋತೆವಾ? ಅವನು ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಕೇಳಿ, ತುಳುವೋ ಮಲಯಾಳವೋ.

ಒಂದು ಉತ್ತರ ತಪ್ಪಿದರೂ ಹೊರಗೆ. ಆದರೆ ಎಲ್ಲ ಸರಿ ಹೇಳಿದ ಅಂತ ಒಳಗೆ ಬಿಡಬೇಡಿ. ಬಿದ್ದಲ್ಲೇ ಸ್ವಲ್ಪ ಹೊತ್ತು ಅಲುಗದೆ ಇದ್ದನಾ, ಏಳುವಾಗ ತೂರಾಡಿದನಾ, ಕಣ್ಣು ಎಲ್ಲೋ ನೋಡುತ್ತಿದೆಯಾ, ತಲೆ ಹಿಡಿದುಕೊಂಡನಾ, ಇದರಲ್ಲಿ ಯಾವುದಾದರೂ ಒಂದು ಇದ್ದರೂ ಅಂದಿನ ಆಟ ಮುಗಿಯಿತು.

ಕೈಮುಗಿದು ಕೇಳುವುದು ಇನ್ನೊಂದು. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಬದಿಗೆ ಹಾಕಬೇಡಿ. ಕುತ್ತಿಗೆ ನೋವು ಅಂದರೆ, ಕೈಕಾಲು ಜೋಮು ಅಂದರೆ, ಅಥವಾ ಬೋಧ ಇಲ್ಲದಿದ್ದರೆ ತಲೆ ಕುತ್ತಿಗೆ ಅಲುಗದ ಹಾಗೆ ಹಿಡಿದುಕೊಂಡು, ಉಸಿರಾಟ ನೋಡುತ್ತಾ, 108ಕ್ಕೆ ಕಾಯಿರಿ. ಮುಂದಿನ ಮ್ಯಾಚ್‌ಗೆ ತಡವಾದರೆ ಆಗಲಿ. ಬಾಯಿಗೆ ಸೋಡಾ ಹಾಕುವುದಂತೂ ಬೇಡವೇ ಬೇಡ, ಬೋಧ ಇಲ್ಲದವನಿಗೆ ಶ್ವಾಸಕೋಶಕ್ಕೆ ಹೋಗುತ್ತದೆ.

ನ್ಯೂರೋ ಪಿಜಿ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನಮ್ಮ ಜಿಲ್ಲೆಗೆ ಇದು ಮುಖ್ಯ. ಕಿವಿಯ ಮೇಲ್ಭಾಗದ ಮೂಳೆ ತೆಳು. ಅದರ ಒಳಬದಿಯಲ್ಲೇ ಒಂದು ರಕ್ತನಾಳ ಓಡುತ್ತದೆ. ಅಲ್ಲಿ ಮೂಳೆ ಬಿರಿದು ರಕ್ತನಾಳ ಹರಿದರೆ ಮೊದಲು ಸ್ವಲ್ಪ ಮಂಪರು, ಆಮೇಲೆ ಹುಡುಗ ಪೂರ್ತಿ ಸರಿಯಾದ ಹಾಗೆ ಮಾತಾಡುತ್ತಾನೆ, ನಗುತ್ತಾನೆ, ಚಹಾ ಕುಡಿಯುತ್ತಾನೆ. ಒಂದೆರಡು ಗಂಟೆಯಲ್ಲಿ ಒಳಗೆ ರಕ್ತ ತುಂಬಿ ಕುಸಿಯುತ್ತಾನೆ. ಸಮಯಕ್ಕೆ ಸರಿಯಾಗಿ ಆಪರೇಷನ್ ಆದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ, ತಡವಾದರೆ ಇಲ್ಲ. ಬದಿಯಡ್ಕದ ಅಕ್ಕ ರಾತ್ರಿಯೇ ಹೊರಟದ್ದು ಸರಿಯಾದ ಕೆಲಸ.

ಈಗ ನಮ್ಮ ಭೂಗೋಳ ನೋಡಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಮುಳ್ಳೇರಿಯ, ಅಡೂರು ಕಡೆಯಿಂದ ಇನ್ನೂ ದೂರ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ಯಾರೂ ಮರೆತಿಲ್ಲ. ತಲೆಯ ಆಪರೇಷನ್ ಅಂದರೆ ನಾವು ಇಂದಿಗೂ ಉತ್ತರಕ್ಕೇ ಮುಖ ಮಾಡುವುದು. ಹಾಗಾದರೆ ರಾತ್ರಿ ಎರಡು ಗಂಟೆಗೆ ಗದ್ದೆಯಲ್ಲಿ ಪೆಟ್ಟಾದ ಹುಡುಗ ಹೇಗೆ ಮನೆಗೆ ಹೋಗುತ್ತಾನೆ? ತನ್ನದೇ ಬೈಕಿನಲ್ಲಿ! ಒಬ್ಬನೇ! ಅದನ್ನು ತಡೆಯಲು ಒಂದು ಪೈಸೆ ಖರ್ಚಿಲ್ಲ. ಬೈಕ್ ಕೀ ಕಿತ್ತುಕೊಳ್ಳಿ. ಜೊತೆಗೊಬ್ಬನನ್ನು ಕಳಿಸಿ, ಮನೆಯವರಿಗೆ ಫೋನ್ ಮಾಡಿ ವಿಷಯ ಹೇಳಿ. ಅವತ್ತು ಗೆದ್ದ ಖುಷಿಗೆ ಕುಡಿಸುವುದೂ ಬೇಡ.

ಗಲ್ಫ್ ಗೋಲಿ

ದುಬೈಯಿಂದ. ಕಾಸರಗೋಡಿನಲ್ಲಿ ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಆಡುತ್ತಿದ್ದೆ, ಗೋಲ್‌ಕೀಪರ್. ಒಂದು ಕಾರ್ನರ್ ಕಿಕ್‌ನಲ್ಲಿ ಕಂಬಕ್ಕೆ ತಲೆ ಬಡಿದು ಆ ಇಡೀ ಸಂಜೆ ನೆನಪಿನಿಂದ ಹೋಗಿದೆ. ಆಮೇಲೆ ಎರಡು ಗೋಲು ತಡೆದೆನಂತೆ, ಎಲ್ಲರೂ ಹೊಗಳುತ್ತಾರೆ, ನನಗೆ ಒಂದೂ ನೆನಪಿಲ್ಲ. ಸುಮಾರು ತಿಂಗಳು ಜೋರು ಶಬ್ದ ಆಗುತ್ತಿರಲಿಲ್ಲ, ಮದುವೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ನನ್ನ ಪ್ರಶ್ನೆ ಡಾಕ್ಟರಿಗೆ. ಹೀಗೆ ಪೆಟ್ಟು ತಿಂದವರಿಗೆ ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬರುತ್ತದೆ ಅಂತ ಓದಿದೆ. ನನಗೀಗ ಕೀ ಎಲ್ಲಿಟ್ಟೆ ಅಂತ ಮರೆತರೂ ಎದೆ ಧಸಕ್ ಅನ್ನುತ್ತದೆ.

ನ್ಯೂರೋ ಪಿಜಿ

ಕೀ ಮರೆಯುವುದು ನನಗೂ ಉಂಟು, ಅದಕ್ಕೆ ಹೆದರಬೇಡಿ.

ಬಾಕ್ಸರ್‌ಗಳಲ್ಲಿ ಈ ತೊಂದರೆಯನ್ನು ಅಮೆರಿಕದ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬರೆದಿದ್ದರು. ಆಮೇಲೆ ಬಹಳ ಕಾಲ ಇದು ಬಾಕ್ಸಿಂಗ್‌ನವರ ಕಾಯಿಲೆ ಅಂತಲೇ ಎಲ್ಲರೂ ಸುಮ್ಮನಿದ್ದರು. 2002ರಲ್ಲಿ ಬೆನೆಟ್ ಒಮಾಲು ಎಂಬ ವೈದ್ಯರು ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳನ್ನು ಮರಣೋತ್ತರ ಪರೀಕ್ಷೆ ಮಾಡಿದಾಗ ಅದರಲ್ಲೂ ಅಂಥದ್ದೇ ಹಾನಿ ಕಂಡಿತು. ಮತ್ತೆ ಮತ್ತೆ ಪೆಟ್ಟು ಬಿದ್ದು ಮಿದುಳು ಸವೆಯುವ ಈ ಕಾಯಿಲೆಯನ್ನು ಸಿಟಿಇ ಅಂತ ಕರೆಯುತ್ತಾರೆ. ಈಗಲೂ ಅದನ್ನು ಖಚಿತವಾಗಿ ಹೇಳಲು ಆಗುವುದು ಸತ್ತ ಮೇಲೆ ಮಿದುಳು ನೋಡಿ ಮಾತ್ರ. ಅದೇ 2002ರಲ್ಲಿ ಇಂಗ್ಲೆಂಡ್‌ನ ಫುಟ್‌ಬಾಲ್ ಆಟಗಾರ ಜೆಫ್ ಆಸಲ್ ತೀರಿಕೊಂಡರು. ಚೆಂಡನ್ನು ತಲೆಯಿಂದ ಹೊಡೆದು ಹೊಡೆದು ಬಂದ ಕಾಯಿಲೆ ಅಂತ ಅಲ್ಲಿನ ವಿಚಾರಣಾಧಿಕಾರಿ ಹೇಳಿದರು. 2019ರಲ್ಲಿ ಗ್ಲಾಸ್ಗೋದ ತಂಡವೊಂದು ಸ್ಕಾಟ್ಲೆಂಡ್‌ನ ಹಳೆಯ ವೃತ್ತಿಪರ ಆಟಗಾರರ ದಾಖಲೆ ನೋಡಿತು. ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಅವರಲ್ಲಿ ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು ಇತ್ತು. ಆದರೆ ನಿಮಗೆ ಬೇಕಾದ ಸಂಗತಿ ಇಲ್ಲಿದೆ: ಆಮೇಲಿನ ಅಧ್ಯಯನದಲ್ಲಿ ಡಿಫೆಂಡರ್‌ಗಳಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ ಕಂಡಿತು, ಗೋಲ್‌ಕೀಪರ್‌ಗಳಲ್ಲಿ ಹಾಗೆ ಕಾಣಲಿಲ್ಲ.

ಇದೆಲ್ಲ ವರ್ಷಗಟ್ಟಲೆ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಕಥೆ. ಒಂದು ಸಲ ಆಗಿ, ಸರಿಯಾಗಿ ಗುಣವಾದ ಪೆಟ್ಟಿಗೆ ಮುಪ್ಪಿನವರೆಗೆ ಹೆದರಿಕೊಂಡು ಕೂರಬೇಕಾಗಿಲ್ಲ. ಚಿಕ್ಕ ಮಕ್ಕಳ ವಿಷಯ ಬೇರೆ. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಫುಟ್‌ಬಾಲ್‌ನಲ್ಲಿ ಹೆಡ್ಡಿಂಗ್ ಬೇಡ ಅಂತ 2015ರಲ್ಲೇ ಹೇಳಿದರು. ನಮ್ಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಗಳ ಮೈದಾನದಲ್ಲೂ ಹೆಡ್ಡಿಂಗ್ ಅಭ್ಯಾಸ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಬದಿಯಡ್ಕದ ಅಮ್ಮ

ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ (ಮೊಬೈಲ್ ಕೊಡಲಿಲ್ಲ!). ಬೆನ್ ಎಂಬ ಹುಡುಗನ ವಿಷಯ ಕೇಳಿ ಸುಮ್ಮನಾದ. ಈಗ ಅವನ ಪ್ರಶ್ನೆ, ಹಾಗಾದರೆ ಯಾವಾಗ ಆಡಬಹುದು? ಹೆಲ್ಮೆಟ್ ತರಹ ತಲೆಗೆ ಏನಾದರೂ ಕಟ್ಟಿಕೊಂಡು ಆಡಿದರೆ ಆಗದಾ? ಶಾಲೆಯಲ್ಲಿ ಪರೀಕ್ಷೆ ಬೇರೆ ಬರುತ್ತಿದೆ.

ಪಿಟಿ ಮಾಷ್ಟ್ರು

ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು ತಪ್ಪಿಸುತ್ತದೆ. ಒಳಗೆ ಮಿದುಳು ಅಲುಗುವುದನ್ನು ತಪ್ಪಿಸಲು ಅದಕ್ಕೆ ಆಗುವುದಿಲ್ಲ. ಸ್ಪಿನ್ನರ್ ಹೇಳಿದ ಜಡೇಜಾ ಹೆಲ್ಮೆಟ್ ಹಾಕಿದ್ದರಲ್ಲ.

ಆಡುವ ಕ್ರಮ ಹೇಳುತ್ತೇನೆ. ಮೊದಲು ಶಾಲೆ, ಆಮೇಲೆ ಆಟ. ಇದನ್ನು ಮಾತ್ರ ಹಿಂದೆ ಮುಂದೆ ಮಾಡಬೇಡಿ. ಮೊದಲ ಒಂದೆರಡು ದಿನ ಆರಾಮ, ಆದರೆ ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವುದೂ ಬೇಡ. ಮನೆಯ ಸುತ್ತ ನಡೆಯಲಿ. ತರಗತಿಗೆ ಅರ್ಧ ದಿನ ಹೋಗಲಿ, ತಲೆನೋವು ಏರಿದರೆ ಎದ್ದು ಬರಲಿ. ಕ್ಲಾಸ್ ಟೀಚರ್‌ಗೆ ಮೊದಲೇ ಹೇಳಿ. ಹೊರಗೆ ಗಾಯ ಕಾಣುವುದಿಲ್ಲವಲ್ಲ, ಸೋಮಾರಿತನ ಅಂದುಕೊಳ್ಳುತ್ತಾರೆ.

ಆಮೇಲೆ ಮೆಲ್ಲನೆ ಓಟ, ಸೈಕಲ್. ಅದು ಸರಿ ಹೋದರೆ ಎದುರಾಳಿ ಇಲ್ಲದೆ ಒಬ್ಬನೇ ರೈಡಿನ ಹೆಜ್ಜೆ, "ಕಬಡ್ಡಿ ಕಬಡ್ಡಿ" ಉಸಿರು ಕಟ್ಟುವ ಅಭ್ಯಾಸ. ಆಮೇಲೆ ತಂಡದ ಜೊತೆ, ಆದರೆ ಹಿಡಿಯುವುದು ತಳ್ಳುವುದು ಇಲ್ಲದೆ. ಇಲ್ಲಿಗೆ ಬರುವ ಮೊದಲೇ ತಲೆನೋವು, ಮಂಪರು ಎಲ್ಲ ಪೂರ್ತಿ ಹೋಗಿರಬೇಕು. ಡಾಕ್ಟರ್ ಒಪ್ಪಿದ ಮೇಲೆ ಮಾತ್ರ ಮ್ಯಾಟ್ ಮೇಲೆ ಹಿಡಿತದ ಅಭ್ಯಾಸ. ಕೊನೆಗೆ ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ಎಲ್ಲಿ ಲಕ್ಷಣ ಮರಳಿತೋ ಅಲ್ಲಿಂದ ಒಂದು ಹಂತ ಹಿಂದೆ. ಬ್ರಿಟನ್‌ನಲ್ಲಿ ಊರಿನ ಮಟ್ಟದ ಆಟಗಳಿಗೆ 2023ರಲ್ಲಿ ಸೂಚನೆ ಕೊಟ್ಟರು: ಏನೇ ಆದರೂ 21 ದಿನಕ್ಕಿಂತ ಮೊದಲು ಪಂದ್ಯ ಇಲ್ಲ. ಡಾಕ್ಟರ್, ಫಿಸಿಯೋ ಇಲ್ಲದ ನಮ್ಮಂಥ ಕಡೆಗೂ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಎಮರ್ಜೆನ್ಸಿ ಸಿಸ್ಟರ್

ಹುಡುಗಿಯರ ತಂಡದ ಕೋಚ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಹುಡುಗಿಯರಿಗೆ ಲಕ್ಷಣ ಹೆಚ್ಚು ದಿನ ಉಳಿಯುವುದು ನಾವು ನೋಡುವುದುಂಟು. ಆದರೆ ಅವರು ಹೇಳುವುದೇ ಇಲ್ಲ. ಮನೆಯಲ್ಲಿ ಹೇಳಿದರೆ ಮರುದಿನದಿಂದ ಆಟವೇ ಬಂದ್. ಹಾಗಾಗಿ ಮುಚ್ಚಿಡುತ್ತಾರೆ. "ಮೂರು ವಾರ ಬಿಟ್ಟು ಮತ್ತೆ ಆಡಿಸುತ್ತೇವೆ" ಅಂತ ಮನೆಯವರಿಗೆ ಧೈರ್ಯ ಹೇಳಿದರೆ ಅವರೂ ಬಾಯಿ ಬಿಡುತ್ತಾರೆ.

ಹೊನಲುಬೆಳಕು ಉಪ್ಪಳ

ನಿನ್ನೆ ರಾತ್ರಿ ನಮ್ಮ ಕ್ಲಬ್ಬಿನ ಮೀಟಿಂಗ್ ಇತ್ತು. ಇಲ್ಲಿ ಬಂದದ್ದನ್ನೆಲ್ಲ ಇಟ್ಟೆ. ಒಳ್ಳೆ ಜಗಳವೇ ಆಯಿತು. ಒಪ್ಪಿದ್ದು ಇಷ್ಟು: ತಲೆಗೆ ಪೆಟ್ಟು ಅಂತ ಅನುಮಾನ ಬಂದರೆ ಆ ರಾತ್ರಿ ಮತ್ತೆ ಆಟ ಇಲ್ಲ. ಹೇಳುವ ಅಧಿಕಾರ ರೆಫ್ರಿಗೂ ಅಲ್ಲ, ಕ್ಯಾಪ್ಟನ್‌ಗೂ ಅಲ್ಲ, ಬದಿಯಲ್ಲಿ ಕೂರುವ ಒಬ್ಬರಿಗೆ. ನಮ್ಮ ಊರಿನ ಒಬ್ಬರು ರಿಟೈರ್ಡ್ ಹೆಲ್ತ್ ಇನ್‌ಸ್ಪೆಕ್ಟರ್ ಒಪ್ಪಿದ್ದಾರೆ, ಅವರ ಮಾತೇ ಕೊನೆ. 18 ಆಗದವರಿಗೆ ಮನೆಯವರ ಸಹಿ ಮತ್ತು ಫೋನ್ ನಂಬರ್ ಪ್ರವೇಶ ಪತ್ರದಲ್ಲೇ. ಉದ್ಘೋಷಕರಿಗೂ ಹೇಳಿದ್ದೇವೆ.

ಒಪ್ಪದೆ ಇದ್ದದ್ದು: ಹತ್ತು ಜನರ ತಂಡ. ಅರ್ಧ ತಂಡಗಳು ಬರುವುದಿಲ್ಲ ಅಂತ ಹೆದರಿಕೆ. ಒಂಬತ್ತಕ್ಕೆ ನಿಂತಿದೆ. ಆಂಬುಲೆನ್ಸ್ ಬದಲು ಒಂದು ಓಮ್ನಿ ಡ್ರೈವರ್ ಸಮೇತ ಬೆಳಗಿನವರೆಗೆ ನಿಲ್ಲುತ್ತದೆ.

ಪಿಟಿ ಮಾಷ್ಟ್ರು

ಒಂಬತ್ತಾದರೂ ಆಗಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2009ರಲ್ಲಿ ಮಾಡಿದ ಕಾನೂನು ಹೆಚ್ಚು ಕಡಿಮೆ ಇದೇ: ಮನೆಯವರ ಸಹಿ, ಅನುಮಾನ ಬಂದರೆ ಹೊರಗೆ, ವೈದ್ಯರ ಚೀಟಿ ಇಲ್ಲದೆ ಮತ್ತೆ ಒಳಗಿಲ್ಲ. ಆಮೇಲೆ ಉಳಿದ ರಾಜ್ಯಗಳೂ ಅಂಥದ್ದೇ ಮಾಡಿದವು. ನಿಮ್ಮದರಲ್ಲಿ ಆ ಚೀಟಿಯ ಮಾತು ಇಲ್ಲ, ಅದನ್ನೂ ಸೇರಿಸಿ. ಮುಂದಿನ ವಾರ ಇನ್ನೊಂದು ಕ್ಲಬ್ಬಿನ ಪಂದ್ಯಾಟದಲ್ಲಿ ಅದೇ ಹುಡುಗ ಇಳಿದರೆ ನೀವು ಮಾಡಿದ್ದು ನೀರಿನಲ್ಲಿ ಹೋಮ. ಕುಂಬಳೆ, ಮಂಜೇಶ್ವರದ ಕ್ಲಬ್ಬಿನವರ ವಾಟ್ಸಾಪ್ ಗ್ರೂಪ್ ಇದೆಯಲ್ಲ, ಹೊರಗೆ ಕೂತವರ ಹೆಸರು ಅಲ್ಲಿ ಹಾಕಿದರಾಯಿತು.

ಲೆಫ್ಟ್ ಕಾರ್ನರ್

ಹೆಸರು ಗ್ರೂಪಿನಲ್ಲಿ ಹಾಕಿದರೆ ಮುಂದಿನ ಸಲ ಯಾರೂ ಪೆಟ್ಟಾಯಿತು ಅಂತ ಬಾಯಿಬಿಡುವುದಿಲ್ಲ ಮಾಷ್ಟ್ರೇ. ನಗದು ಬಹುಮಾನದ ಮೇಲೆ ಬದುಕುವ ರೈಡರ್‌ಗಳು ಇದ್ದಾರೆ, ಮೂರು ವಾರ ಅಂದರೆ ಅವರಿಗೆ ಮೂರು ಪಂದ್ಯಾಟದ ಸಂಪಾದನೆ. ಸಂಘಟಕರಿಗೆ ಮಾತ್ರ ಗೊತ್ತಾಗುವ ಹಾಗೆ ಏನಾದರೂ ಮಾಡಿ.

ಹೊನಲುಬೆಳಕು ಉಪ್ಪಳ

ಅದು ಸರಿ. ಕಾರ್ಯದರ್ಶಿಗಳ ಮಧ್ಯೆ ಫೋನಿನಲ್ಲೇ ಹೇಳಿಕೊಳ್ಳುತ್ತೇವೆ. ಚೀಟಿ ವಿಷಯ ಸೇರಿಸುತ್ತೇನೆ, ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ. ಸಿಸ್ಟರ್, ಪಂದ್ಯಾಟದ ಮೊದಲು ಒಂದು ಸಂಜೆ ಬಂದು ನಮ್ಮ ಹುಡುಗರಿಗೆ ಬಿದ್ದವನನ್ನು ಹೇಗೆ ಹಿಡಿಯಬೇಕು ಅಂತ ತೋರಿಸಿಕೊಡಬಹುದಾ? ಕಾರ್ ಕಳಿಸುತ್ತೇವೆ.

ಎಮರ್ಜೆನ್ಸಿ ಸಿಸ್ಟರ್

ಖಂಡಿತ. ನೈಟ್ ಡ್ಯೂಟಿ ಇಲ್ಲದ ವಾರ ಹೇಳುತ್ತೇನೆ. ಕಾರ್ ಬೇಡ, ಮಂಜೇಶ್ವರದಿಂದ ಬಸ್ಸಿನಲ್ಲಿ ಬರುತ್ತೇನೆ. ಮ್ಯಾಟ್ ಹಾಕಿಡಿ, ಮಲಗಲು ಒಬ್ಬ ಹುಡುಗ ಬೇಕು.

ಮುಳ್ಳೇರಿಯ ಭಾವ

ನಮ್ಮಲ್ಲಿ ಅಷ್ಟಮಿಗೆ ಹಗ್ಗಜಗ್ಗಾಟ ಉಂಟು. ಅದಕ್ಕೂ ಈ ನಿಯಮ ಬೇಕಾ? ಅಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲವಲ್ಲ.

ನ್ಯೂರೋ ಪಿಜಿ

ಬೇಕು ಭಾವ. ಎದುರಿನವರು ಒಮ್ಮೆಲೇ ಹಗ್ಗ ಬಿಟ್ಟರೆ ಇಡೀ ಸಾಲು ಹಿಂದಕ್ಕೆ ಬೀಳುತ್ತದೆ, ಕೈಯಲ್ಲಿ ಹಗ್ಗ ಇರುವ ಕಾರಣ ನೆಲಕ್ಕೆ ಕೈ ಊರಲು ಆಗುವುದಿಲ್ಲ. ತಲೆಯ ಹಿಂಭಾಗವೇ ಮೊದಲು ತಾಗುವುದು. ದೇವಸ್ಥಾನದ ಎದುರು ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಹಾಕಿದ ಕಡೆ ಆಡಿಸಬೇಡಿ, ಗದ್ದೆಯಲ್ಲೇ ಆಡಿಸಿ. ಕೊನೆಯವನು ಹಗ್ಗವನ್ನು ಸೊಂಟಕ್ಕೆ ಗಂಟು ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ.